ನೈಟ್ರಿಕ್ ಆಕ್ಸೈಡೂ ಉರಿಯೂತವೂ

1998ನೆಯ ಇಸವಿಯಲ್ಲಿ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಎಂಬ ಮೂವರು ಅಮೆರಿಕದ ವಿದ್ವಾಂಸರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು. ರಕ್ತನಾಳದ ಒಳಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಾನೇ ಉತ್ಪತ್ತಿಮಾಡಿಕೊಂಡು, ಅದರ ಬಲದಿಂದ ನಾಳದ ಸ್ನಾಯುವನ್ನು ಸಡಿಲಿಸುತ್ತದೆಂಬ ಸಂಗತಿಯನ್ನು ಹೊರಪಡಿಸಿದುದಕ್ಕೆ ಸಂದ ಮರ್ಯಾದೆ ಅದು. ಅಂದಿನಿಂದ ಈ ಅನಿಲದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ರಕ್ತನಾಳದಿಂದಲೇ ಆರಂಭಿಸಿ ರಕ್ತನಾಳದಲ್ಲಿಯೇ ಮುಗಿಸುವುದು ರೂಢಿಯಾಗಿದೆ. ಆದರೆ ಇದೇ ವಸ್ತುವಿನ ಕಡೆಗೆ ವಿದ್ವಾಂಸರನ್ನು ಕರೆತಂದ ಇನ್ನೊಂದು ದಾರಿಯುಂಟು. ಅದು ಮೂತ್ರಪರೀಕ್ಷೆಯಿಂದ ಹೊರಟು, ಜ್ವರ, ನಂಜು, ಕ್ಷಯಗಳ ನಡುವೆ ಹಾದು, ರೋಗಾಣುಗಳೊಡನೆ ಹೋರಾಡುವ ಜೀವಕೋಶಗಳ ಉಸಿರಾಟಕ್ಕೆ ಬಂದು ಮುಟ್ಟುತ್ತದೆ. ಈ ದಾರಿಯಲ್ಲಿ ನಡೆದವರಿಗೆ ನೊಬೆಲ್ ಪಾರಿತೋಷಕವು ಬರಲಿಲ್ಲ. ಅದು ದೊಡ್ಡ ಮಾತಲ್ಲ. ದೊಡ್ಡ ಮಾತೆಂದರೆ, ಈ ದಾರಿಯಲ್ಲಿ ಎರಡು ಸಲ, ಕಣ್ಣೆದುರಿಗೆ ಸ್ಪಷ್ಟವಾಗಿ ಕಂಡ ಸಂಗತಿಯನ್ನು ಬದಿಗಿಟ್ಟು ಶಾಸ್ತ್ರವು ಮುಂದೆ ಸಾಗಿತು. ಮೊದಲನೆಯ ಸಲ ಅರುವತ್ತು ವರ್ಷ ಕಳೆದುಹೋಯಿತು. ಎರಡನೆಯ ಸಲದ ನಷ್ಟವನ್ನು ಎಣಿಸುವುದು ಅಷ್ಟು ಸುಲಭವಲ್ಲ. ಈ ಎರಡು ಸಂದರ್ಭಗಳನ್ನು ಇಲ್ಲಿ ವಿಚಾರಮಾಡಬೇಕೆಂದಿದ್ದೇನೆ.

ಅನಿಲದ ಪೂರ್ವಕಥೆಯನ್ನು ಚುಟುಕಾಗಿ ಹೇಳಿಬಿಡಬಹುದು. ಸಾರಜನಕದ ಒಂದು ಪರಮಾಣುವೂ ಆಮ್ಲಜನಕದ ಒಂದು ಪರಮಾಣುವೂ ಕೂಡಿ ಆದ ವಸ್ತು ಇದು. ಬಣ್ಣವಿಲ್ಲ, ಗಾಳಿ ಸೋಂಕಿದೊಡನೆ ಕೆಂಗಂದು ಹೊಗೆಯಾಗಿ ಮಾರ್ಪಡುತ್ತದೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು 1772ನೆಯ ಇಸವಿಯ ತನ್ನ ಪ್ರಬಂಧದಲ್ಲಿ ಇದನ್ನು ವಿವರವಾಗಿ ವರ್ಣಿಸಿದನು. ಲೋಹಗಳ ಮೇಲೆ ಪೆಟ್ಲುಪ್ಪಿನ ದ್ರಾವಕವನ್ನು, ಎಂದರೆ ನೈಟ್ರಿಕ್ ಆಮ್ಲವನ್ನು, ಸುರಿದು ಈ ಅನಿಲವನ್ನು ಪಡೆದು, ಗಾಳಿಯ ಒಳ್ಳೆಯತನವನ್ನು ಅಳೆಯುವುದಕ್ಕೆ ಇದನ್ನೇ ಸಾಧನವಾಗಿ ಮಾಡಿಕೊಂಡನು. ಆ ಕಾಲದಲ್ಲಿ ಇಂಗ್ಲೆಂಡಿಗೆ ಪೆಟ್ಲುಪ್ಪು ಬಿಹಾರದ ಮಣ್ಣಿನಿಂದ ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಹೋಗುತ್ತಿದ್ದಿತು. ದನಗಳ ಗಂಜಲ ಇಂಗಿದ ನೆಲದಲ್ಲಿ ಬೆಳ್ಳಗೆ ಹೂಕಟ್ಟುವ ಉಪ್ಪು ಅದು. ಮೂತ್ರಕ್ಕೂ ನೈಟ್ರೇಟಿಗೂ ಇರುವ ನಂಟು ಹೀಗೆ ಹಳ್ಳಿಗಾಡಿನವರಿಗೂ ಗೊತ್ತಿದ್ದದ್ದೇ. ಆದರೆ ಅಲ್ಲಿ ನೈಟ್ರೇಟನ್ನು ಮಾಡುವವು ನೆಲದ ಸೂಕ್ಷ್ಮಾಣುಗಳು, ಪ್ರಾಣಿಯ ಶರೀರವಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. 1800ನೆಯ ಇಸವಿಯಲ್ಲಿ ಹಂಫ್ರಿ ಡೇವಿಯು ಈ ಅನಿಲವನ್ನು ಉಸಿರಾಡಲು ಹೋಗಿ ಬಾಯಿ ಗಂಟಲುಗಳನ್ನು ಸುಟ್ಟುಕೊಂಡ ವೃತ್ತಾಂತವನ್ನು ಅಚ್ಚುಹಾಕಿಸಿದನು. ಆ ಮೇಲೆ ಬಹುಕಾಲ ಇದು ವಿಷವೆಂದೂ, ಮುಂದೆ ಮೋಟಾರು ಬಂಡಿಗಳ ಹೊಗೆಯಲ್ಲಿರುವ ಹೊಲಸೆಂದೂ ಹೆಸರಾಗಿದ್ದಿತೇ ಹೊರತು, ಜೀವಂತ ಶರೀರವು ಇದನ್ನು ಬೇಕೆಂದೇ ತಯಾರಿಸುತ್ತದೆಂದು ಯಾರೂ ಎಣಿಸಿರಲಿಲ್ಲ.

ಎಣಿಸಲು ಕಾರಣವು ಮಾತ್ರ 1916ರಲ್ಲಿಯೇ ದೊರೆತಿದ್ದಿತು. ಆ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಮಿಚೆಲ್, ಶೋನ್ಲ್, ಗ್ರಿಂಡ್ಲಿ ಎಂಬವರು ಮೂತ್ರದಲ್ಲಿರುವ ನೈಟ್ರೇಟು ಎಲ್ಲಿಂದ ಬರುತ್ತದೆ ಎಂಬ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಸೊಪ್ಪು ತರಕಾರಿಗಳಲ್ಲಿಯೂ ಕುಡಿಯುವ ನೀರಿನಲ್ಲಿಯೂ ನೈಟ್ರೇಟು ಇರುವುದರಿಂದ, ಒಳಗೆ ಹೋದದ್ದೇ ಹೊರಗೆ ಬರುತ್ತದೆಂಬುದು ಆಗಿನ ಸಾಮಾನ್ಯ ನಂಬಿಕೆ. ಇವರು ಒಳಹೋದದ್ದನ್ನೂ ಹೊರಬಿದ್ದದ್ದನ್ನೂ ಅಳೆದು ನೋಡಿದಾಗ ಹೊರಬಿದ್ದದ್ದೇ ಹೆಚ್ಚಾಗಿ ಕಂಡಿತು. ಲೆಕ್ಕವು ಸರಿಯಿದ್ದ ಪಕ್ಷಕ್ಕೆ ಹೆಚ್ಚಿನ ಭಾಗವು ಶರೀರದಲ್ಲಿಯೇ ಹುಟ್ಟಿರಬೇಕು. ಅವರು ಹಾಗೆಂದೇ ತೀರ್ಮಾನಿಸಿದರು. ಆದರೆ ಪ್ರಾಣಿಶರೀರದಲ್ಲಿ ಸಾರಜನಕವು ಅಮೋನಿಯವಾಗಿ, ಯೂರಿಯವಾಗಿ ಹೊರಬೀಳುತ್ತದೆಯೇ ಹೊರತು ಆಮ್ಲಜನಕದೊಡನೆ ಕೂಡಿ ನೈಟ್ರೇಟಾಗುವ ಮಾರ್ಗವು ಆಗ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಅಂತಹ ಕೆಲಸ ನೆಲದ ಸೂಕ್ಷ್ಮಾಣುಗಳದು ಎಂಬುದು ಸಿದ್ಧಾಂತ. ಸಿದ್ಧಾಂತದಲ್ಲಿ ಜಾಗವಿಲ್ಲದ ಅಳತೆಗೆ ಲೋಕದಲ್ಲಿಯೂ ಜಾಗ ಸಿಕ್ಕಲಿಲ್ಲ. ಪ್ರಬಂಧವನ್ನು ಯಾರೂ ಖಂಡಿಸಲಿಲ್ಲ; ಖಂಡಿಸಿದ್ದರೆ ವಾದವಾದರೂ ನಡೆಯುತ್ತಿದ್ದಿತು.

ಈ ಪ್ರಶ್ನೆಯನ್ನು ಮತ್ತೆ ಎಬ್ಬಿಸಿದುದು ಶರೀರಶಾಸ್ತ್ರವಲ್ಲ, ಅರ್ಬುದರೋಗದ ಭೀತಿ. 1970ರ ದಶಕದಲ್ಲಿ, ಮಾಂಸವನ್ನು ಕೆಡದಂತೆ ಇಡುವುದಕ್ಕೆ ಹಾಕುವ ನೈಟ್ರೈಟಿನಿಂದ ಹೊಟ್ಟೆಯಲ್ಲಿ ನೈಟ್ರೊಸಮೀನುಗಳೆಂಬ ಅರ್ಬುದಕಾರಕ ವಸ್ತುಗಳು ಹುಟ್ಟಬಹುದೆಂಬ ಶಂಕೆ ಬಲವಾಗಿದ್ದಿತು. ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸ್ಟೀವನ್ ಟ್ಯಾನನ್‌ಬಾಮ್ ಅವರು ಈ ಕಾರಣದಿಂದ ಮನುಷ್ಯರ ನೈಟ್ರೇಟಿನ ಆಯವ್ಯಯವನ್ನು ಅಳೆಯತೊಡಗಿದರು. ಒಳಗೆ ಹೋದದ್ದಕ್ಕಿಂತ ಹೊರಬಿದ್ದದ್ದು ಹೆಚ್ಚೆಂಬ ಹಳೆಯ ಫಲವೇ ಮತ್ತೆ ಬಂದಿತು. 1978ರಲ್ಲಿ ಅವರು, ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಇದನ್ನು ಮಾಡುತ್ತಿರಬೇಕೆಂದು ಊಹಿಸಿದರು. ನೆಲದ ಸೂಕ್ಷ್ಮಾಣುಗಳಿಗೆ ಕೊಟ್ಟಿದ್ದ ಕೆಲಸವನ್ನು ಕರುಳಿನವುಗಳಿಗೆ ವರ್ಗಾಯಿಸಿದಂತಾಯಿತು. ಈ ಊಹೆ ಮೂರು ವರ್ಷವೂ ನಿಲ್ಲಲಿಲ್ಲ. ಅದನ್ನು ಕೆಡವಿದವರೂ ಅವರ ಪ್ರಯೋಗಶಾಲೆಯವರೇ ಎಂಬುದು ಅವರಿಗೆ ಗೌರವ ತರುವ ಸಂಗತಿ. ಹುಟ್ಟಿದಂದಿನಿಂದ ಯಾವ ಸೂಕ್ಷ್ಮಾಣುವೂ ಸೋಂಕದಂತೆ ಸಾಕಿದ ಇಲಿಗಳನ್ನು 1981ರಲ್ಲಿ ಪರೀಕ್ಷಿಸಿದಾಗ, ಅವುಗಳ ಮೂತ್ರದಲ್ಲಿಯೂ ಸಾಮಾನ್ಯ ಇಲಿಗಳಂತೆಯೇ ಹೆಚ್ಚುವರಿ ನೈಟ್ರೇಟು ಕಂಡುಬಂದಿತು. ಅದೇ ವರ್ಷ, ನೈಟ್ರೇಟು ತೀರ ಕಡಮೆಯಾದ ಆಹಾರವನ್ನು ಬಹುದಿನ ತಿಂದ ಯುವಕರು ತಿಂದುದರ ಸುಮಾರು ನಾಲ್ಕು ಪಟ್ಟನ್ನು ವಿಸರ್ಜಿಸಿದುದೂ ಪ್ರಕಟವಾಯಿತು. ಮಾಡುವುದು ಶರೀರವೇ ಎಂಬುದರಲ್ಲಿ ಇನ್ನು ಸಂದೇಹವಿರಲಿಲ್ಲ.

ಶರೀರದ ಯಾವ ಭಾಗ? ಇಲ್ಲಿ ಒಂದು ಕಾಯಿಲೆ ದಾರಿತೋರಿಸಿತು. ಪರೀಕ್ಷೆಗೆ ಒಳಗಾಗಿದ್ದ ಒಬ್ಬರಿಗೆ ನಡುವೆ ಜ್ವರವೂ ಭೇದಿಯೂ ಉಂಟಾಗಿ, ಆ ದಿನಗಳಲ್ಲಿ ಅವರ ಮೂತ್ರದ ನೈಟ್ರೇಟು ಹಠಾತ್ತಾಗಿ ಏರಿತು. ಇಂತಹ ಅಳತೆಯನ್ನು ರೋಗದಿಂದ ಕೆಟ್ಟುಹೋದದ್ದೆಂದು ಎಸೆದುಬಿಡುವುದು ಪ್ರಯೋಗಶಾಲೆಗಳಲ್ಲಿ ಸಾಮಾನ್ಯ. ಇವರು ಎಸೆಯಲಿಲ್ಲ. ಜ್ವರವನ್ನು ಬೇಕೆಂದೇ ಬರಿಸಿ ನೋಡಬೇಕೆಂದು, ಕರುಳಿನ ಒಂದು ಸೂಕ್ಷ್ಮಾಣುವಿನ ಹೊರಪೊರೆಯಿಂದ ತೆಗೆದ ನಂಜನ್ನು ಇಲಿಗಳಿಗೆ ಚುಚ್ಚಿದರು; ಒಂದು ಪ್ರಯೋಗದಲ್ಲಿ ನೈಟ್ರೇಟು ಒಂಬತ್ತು ಪಟ್ಟು ಹೆಚ್ಚಿತು. 1983ರಲ್ಲಿ ವ್ಯಾಗ್ನರ್, ಯಂಗ್, ಟ್ಯಾನನ್‌ಬಾಮ್ ಇವರು ಪ್ರಕಟಿಸಿದ ಈ ಫಲದಲ್ಲಿ ನನಗೆ ಹೆಚ್ಚು ಮುಖ್ಯವಾಗಿ ತೋರುವುದು ಇನ್ನೊಂದು ಅಂಶ. ಚರ್ಮದಡಿಯಲ್ಲಿ ಟರ್ಪಂಟೈನ್ ಎಣ್ಣೆಯನ್ನು ಚುಚ್ಚಿ ಬಾವು ಬರಿಸಿದಾಗಲೂ ನೈಟ್ರೇಟು ಏರಿತು. ಆ ಎಣ್ಣೆಯಲ್ಲಿ ಯಾವ ಸೂಕ್ಷ್ಮಾಣುವೂ ಇಲ್ಲ. ಹಾಗಾದರೆ ನೈಟ್ರೇಟಿನ ಮೂಲವು ಉರಿಯೂತವೇ ಆಗಬೇಕಷ್ಟೆ.

ಉರಿಯೂತದ ಜಾಗಕ್ಕೆ ಬಂದು ಸೇರುವ ಜೀವಕೋಶಗಳಲ್ಲಿ ಮಹಾಭಕ್ಷಕಗಳು ಪ್ರಸಿದ್ಧವಾದುವು. ರಷ್ಯದ ಇಲ್ಯಾ ಮೆಚ್ನಿಕಾಫನು 1882ರಲ್ಲಿ ಸಿಸಿಲಿಯ ಮೆಸ್ಸಿನಾ ನಗರದಲ್ಲಿ ನಕ್ಷತ್ರಮೀನಿನ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿ, ಅಲೆದಾಡುವ ಜೀವಕೋಶಗಳು ಅದನ್ನು ಮುತ್ತುವುದನ್ನು ಕಂಡು ಭಕ್ಷಕಕೋಶಗಳ ಸಿದ್ಧಾಂತವನ್ನು ಕಟ್ಟಿದ ಕಥೆಯನ್ನು ಎಲ್ಲರೂ ಬಲ್ಲರು. ಇವುಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೊಫೇಜು, ಎಂದರೆ ಮಹಾಭಕ್ಷಕ, ಎಂದು ಹೆಸರಾಯಿತು. ಒಮ್ಮೆ ರೋಗಾಣುವಿನ ರುಚಿ ಕಂಡ ಪ್ರಾಣಿಯ ಮಹಾಭಕ್ಷಕಗಳು ಹಿಂದಿಗಿಂತ ಉಗ್ರವಾಗಿ ಕೊಲ್ಲುತ್ತವೆಂಬುದನ್ನು ಜಾರ್ಜ್ ಮೆಕನೆಸ್ ಅವರು 1962ರಲ್ಲಿ ತೋರಿಸಿಕೊಟ್ಟರು. ಉಗ್ರವಾದವು ಯಾವ ಆಯುಧದಿಂದ ಕೊಲ್ಲುತ್ತವೆ? ಯೂಟಾ ಪ್ರಾಂತದ ಸಾಲ್ಟ್ ಲೇಕ್ ನಗರದಲ್ಲಿ ಜಾನ್ ಹಿಬ್ಸ್ ಅವರೂ ಅವರ ಸಂಗಡಿಗರೂ ಈ ಪ್ರಶ್ನೆಯನ್ನು ಹಿಡಿದು ಕುಳಿತಿದ್ದರು. ಅವರಿಗೆ ಟ್ಯಾನನ್‌ಬಾಮರ ಮೂತ್ರದ ಲೆಕ್ಕಕ್ಕೂ ತಮ್ಮ ಕೆಲಸಕ್ಕೂ ಸಂಬಂಧವಿದೆಯೆಂದು ಆಗ ಹೊಳೆಯುವಂತಿರಲಿಲ್ಲ.

ಹಿಬ್ಸರ ಕೆಲಸವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು, ಏಕೆಂದರೆ ಈ ಚರಿತ್ರೆಯ ಜೀವಾಳವು ಅಲ್ಲಿದೆ. ಅವರು ಉಗ್ರಗೊಂಡ ಮಹಾಭಕ್ಷಕಗಳ ಜೊತೆಯಲ್ಲಿ ಅರ್ಬುದದ ಜೀವಕೋಶಗಳನ್ನು ಬೆಳೆಸಿ, ಅವು ಹೇಗೆ ಸೊರಗುತ್ತವೆಂದು ನೋಡಿದರು. ಜೀವಕೋಶವು ಸಕ್ಕರೆಯಿಂದ ಶಕ್ತಿಯನ್ನು ಪಡೆಯುವುದಕ್ಕೆ ಎರಡು ಮಾರ್ಗಗಳಿವೆ. ಆಮ್ಲಜನಕವನ್ನು ಉಪಯೋಗಿಸಿ ಮೈಟೋಕಾಂಡ್ರಿಯಗಳೆಂಬ ಒಲೆಗಳಲ್ಲಿ ಪೂರ್ತಿಯಾಗಿ ಉರಿಸುವುದು ಒಂದು. ಅರ್ಧಕ್ಕೇ ನಿಲ್ಲಿಸಿ ಲ್ಯಾಕ್ಟಿಕ್ ಆಮ್ಲವಾಗಿ ಹೊರಚೆಲ್ಲುವುದು ಇನ್ನೊಂದು. ಎರಡನೆಯದು ದುಂದುಗಾರಿಕೆಯ ಮಾರ್ಗ. 1980ರಲ್ಲಿ ಈ ತಂಡವು ಕಂಡುದೇನೆಂದರೆ, ಮಹಾಭಕ್ಷಕಗಳ ಹೊಡೆತಕ್ಕೆ ಸಿಕ್ಕಿದ ಕೋಶಗಳಲ್ಲಿ ಮೊದಲನೆಯ ಮಾರ್ಗವು ಮುಚ್ಚಿಹೋಗುತ್ತದೆ. ಸಕ್ಕರೆಯು ಯಥೇಷ್ಟವಾಗಿದ್ದರೆ ಎರಡನೆಯದರಿಂದ ಅವು ಹೇಗೋ ಬದುಕಿಕೊಳ್ಳುತ್ತವೆ. 1984ರಲ್ಲಿ ಆ ಕೋಶಗಳಿಂದ ಕಬ್ಬಿಣವು ಸೋರಿಹೋಗುವುದನ್ನು ಕಂಡರು. 1986ರಲ್ಲಿ ದ್ರಾಪಿಯೆ ಎಂಬವರೊಡನೆ ಹಿಬ್ಸರು, ಅಕೋನಿಟೇಸ್ ಎಂಬ ಕಿಣ್ವವು ಕೆಲಸ ನಿಲ್ಲಿಸುವುದನ್ನು ಕಂಡುಹಿಡಿದರು. ಕ್ರೆಬ್ಸ್ ಎಂಬ ವಿದ್ವಾಂಸನ ಹೆಸರಿನಿಂದ ಕರೆಯುವ ಸಿಟ್ರಿಕ್ ಆಮ್ಲದ ಚಕ್ರದಲ್ಲಿ ಈ ಕಿಣ್ವವು ಒಂದು ಹಲ್ಲಿನಂತೆ. ಇದರ ಒಡಲಲ್ಲಿ ಕಬ್ಬಿಣವೂ ಗಂಧಕವೂ ಕೂಡಿದ ಒಂದು ಗಂಟು ಇದೆ. ಆಯುಧವು ಯಾವುದೆಂದು ತಿಳಿಯುವುದಕ್ಕೆ ಮೊದಲೇ, ಅದು ಕಬ್ಬಿಣಕ್ಕೆ ತಗಲುತ್ತದೆ, ಉಸಿರನ್ನು ಕಟ್ಟುತ್ತದೆ ಎಂಬಿಷ್ಟು ಗೊತ್ತಾಗಿದ್ದಿತು. ಗಾಯವನ್ನು ನೋಡಿ ಕತ್ತಿಯ ಆಕಾರವನ್ನು ಊಹಿಸಿದ ಹಾಗೆ.

ಇತ್ತ 1985ರಲ್ಲಿ ಡೆನಿಸ್ ಸ್ಟ್ಯೂರ್, ಮೈಕೇಲ್ ಮಾರ್ಲೆಟ್ಟಾ ಇವರು ಇಲಿಯ ಮಹಾಭಕ್ಷಕಗಳನ್ನು ಗಾಜಿನ ತಟ್ಟೆಯಲ್ಲಿ ನಂಜಿಗೆ ಒಡ್ಡಿ, ಅವು ನೈಟ್ರೈಟನ್ನೂ ನೈಟ್ರೇಟನ್ನೂ ಸುರಿಸುವುದನ್ನು ತೋರಿಸಿದರು. ನಂಜನ್ನು ಗುರುತಿಸಲಾರದ ಒಂದು ಜಾತಿಯ ಇಲಿಗೆ ನಂಜನ್ನು ಚುಚ್ಚಿದರೆ ನೈಟ್ರೇಟು ಏರಲಿಲ್ಲ. ಆದರೆ ಕ್ಷಯದ ಚುಚ್ಚುಮದ್ದಿನ ಬಿ. ಸಿ. ಜಿ. ಸೂಕ್ಷ್ಮಾಣುವಿನ ಸೋಂಕು ಕೊಟ್ಟಾಗ ಅದರಲ್ಲಿಯೂ ಏರಿತು. ಎರಡು ವರ್ಷಗಳಲ್ಲಿ ಹಿಬ್ಸರ ದಾರಿಯೂ ಇವರ ದಾರಿಯೂ ಒಂದೆಡೆ ಕೂಡಿದುವು. ಮಹಾಭಕ್ಷಕಗಳು ಕೊಲ್ಲಬೇಕಾದರೆ ಅವುಗಳ ಸುತ್ತಣ ದ್ರವದಲ್ಲಿ ಆರ್ಜಿನೀನ್ ಎಂಬ ಅಮೈನೋ ಆಮ್ಲವು ಇರಲೇಬೇಕೆಂದು ಹಿಬ್ಸರು 1987ರಲ್ಲಿ ಸಾಧಿಸಿದರು. ಅದನ್ನು ತೆಗೆದರೆ ಕೋಶಗಳು ಜೀವಂತವಾಗಿದ್ದೂ ನಿರುಪದ್ರವಿಗಳಾಗುತ್ತಿದ್ದುವು. ಆರ್ಜಿನೀನಿಗೆ ಒಂದು ಮೀಥೈಲ್ ಗುಂಪನ್ನು ಅಂಟಿಸಿ ಮಾಡಿದ ನಕಲಿ ವಸ್ತುವನ್ನು ಕೊಟ್ಟರೂ ಹಾಗೆಯೇ. ಈ ನಕಲಿಯನ್ನು ವಾಚಕರು ಗುರುತಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಹತ್ತು ವರ್ಷದ ಅನಂತರ ಇದೇ ವಸ್ತು ಆಸ್ಪತ್ರೆಯಲ್ಲಿ ನಮಗೆ ಎದುರಾಗುತ್ತದೆ.

ಇಷ್ಟರಲ್ಲಿ ರಕ್ತನಾಳದ ಕಡೆಯವರು, ಫರ್ಚ್‌ಗಾಟರು 1980ರಲ್ಲಿ ಕಂಡಿದ್ದ ಅಜ್ಞಾತ ವಸ್ತುವು ನೈಟ್ರಿಕ್ ಆಕ್ಸೈಡೇ ಎಂಬ ನಿಶ್ಚಯಕ್ಕೆ ಬಂದಿದ್ದರು. 1987ರಲ್ಲಿ ಲಂಡನಿನ ಬಳಿಯ ಮೊಂಕಾಡಾ ಅವರ ತಂಡವೂ, ಇಗ್ನಾರೋ ಅವರ ತಂಡವೂ ಬೇರೆಬೇರೆಯಾಗಿ ಇದನ್ನು ಪ್ರಕಟಿಸಿದುವು. ಮಹಾಭಕ್ಷಕಗಳೂ ಇದೇ ಅನಿಲವನ್ನು ಮಾಡುತ್ತವೆ, ನೈಟ್ರೈಟು ನೈಟ್ರೇಟುಗಳು ಅದರ ಬೂದಿ ಮಾತ್ರವೆಂದು 1988ರಲ್ಲಿ ಮಾರ್ಲೆಟ್ಟಾ ಅವರೂ ಹಿಬ್ಸರೂ ತೋರಿಸಿದರು. ಅದೇ ವರ್ಷ ಮೊಂಕಾಡಾ ಅವರ ತಂಡವು, ರಕ್ತನಾಳವು ಕೂಡ ಇದನ್ನು ಆರ್ಜಿನೀನಿನಿಂದಲೇ ತಯಾರಿಸುತ್ತದೆಂದು ತಿಳಿಸಿತು. ಆರ್ಜಿನೀನಿನ ಸುಳಿವು ಮೊದಲು ದೊರೆತದ್ದು ಮಹಾಭಕ್ಷಕದಲ್ಲಿ ಎಂಬುದನ್ನು ಪಾರಿತೋಷಕದ ಕಥೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ಅನಿಲವನ್ನು ತಯಾರಿಸುವ ಕಿಣ್ವಗಳು ಮೂರು ಎಂದು ಮುಂದಿನ ನಾಲ್ಕೈದು ವರ್ಷಗಳಲ್ಲಿ ತಿಳಿಯಿತು. ನರಗಳದು ಒಂದು, ರಕ್ತನಾಳದ್ದು ಒಂದು, ಮಹಾಭಕ್ಷಕದ್ದು ಇನ್ನೊಂದು. ಮೊದಲೆರಡು ಸದಾ ಸಿದ್ಧವಾಗಿದ್ದು, ಬೇಕಾದಾಗ ಚಿಟಿಕೆಯಷ್ಟನ್ನು ಕೊಟ್ಟು ಸುಮ್ಮನಾಗುತ್ತವೆ. ಮೂರನೆಯದು ಸ್ವಸ್ಥವಾದ ಮಹಾಭಕ್ಷಕದಲ್ಲಿ ಇಲ್ಲವೆಂದೇ ಹೇಳಬೇಕು. ನಂಜಿನ ಸುಳಿವೂ ಇಂಟರ್‌ಫೆರಾನ್ ಎಂಬ ಸಂದೇಶವಸ್ತುವೂ ಬಂದಮೇಲೆ ಕೆಲವು ಗಂಟೆಗಳಲ್ಲಿ ಅದು ಹೊಸದಾಗಿ ನಿರ್ಮಾಣವಾಗುತ್ತದೆ. ಆದಮೇಲೆ ಅದನ್ನು ನಿಲ್ಲಿಸುವ ಕೀಲಿಲ್ಲ, ಆರ್ಜಿನೀನು ಇರುವವರೆಗೂ ಅನಿಲವನ್ನು ಸುರಿಸುತ್ತಲೇ ಇರುತ್ತದೆ. ಈ ಭೇದದಿಂದ ಒಂದು ಚಿತ್ರವು ತಾನಾಗಿಯೇ ಮೂಡಿತು: ರಕ್ತನಾಳದ ಅನಿಲವು ಸೌಮ್ಯವಾದ ದೂತ, ಮಹಾಭಕ್ಷಕದ ಅನಿಲವು ಕುರುಡು ವಿಷ. ಚಿತ್ರವು ಸರಳವಾಗಿದ್ದಿತು, ಪೂರ್ತಿ ಸುಳ್ಳೂ ಆಗಿರಲಿಲ್ಲ. ಕ್ಷಯಾಣುವನ್ನು ಇಲಿಯ ಮಹಾಭಕ್ಷಕವು ಕೊಲ್ಲುವುದು ಈ ಅನಿಲದಿಂದಲೇ ಎಂದು 1992ರಲ್ಲಿ ಚಾನ್, ಬ್ಲೂಮ್ ಮೊದಲಾದವರು ತೋರಿಸಿದರು. ಮೂರನೆಯ ಕಿಣ್ವವಿಲ್ಲದಂತೆ ಹುಟ್ಟಿಸಿದ ಇಲಿಗಳು ಕ್ಷಯಕ್ಕೆ ಬೇಗನೆ ಬಲಿಯಾಗುವುದನ್ನು 1997ರಲ್ಲಿ ಮೆಕ್‌ಮಿಕಿಂಗ್, ನೇಥನ್ ಇವರ ತಂಡವು ಪ್ರಕಟಿಸಿತು.

ಆದರೆ ಇದೇ ಚಿತ್ರವು ಆಸ್ಪತ್ರೆಗೆ ಹೋದಾಗ ಆದದ್ದೇ ಬೇರೆ. ನಂಜು ರಕ್ತಕ್ಕೇರಿದ ರೋಗಿಯಲ್ಲಿ ರಕ್ತದೊತ್ತಡವು ಕುಸಿಯುತ್ತದೆ. ಔಷಧಗಳಿಂದಲೂ ಅದು ಮೇಲೇಳದಿದ್ದರೆ ಸಾವು ಹತ್ತಿರವೆಂದೇ ಅರ್ಥ. ಮೂರನೆಯ ಕಿಣ್ವವು ಸುರಿಸುವ ಅನಿಲದಿಂದ ನಾಳಗಳೆಲ್ಲ ಹಿಗ್ಗಿ ಹೀಗಾಗುತ್ತದೆಂಬುದು ಯುಕ್ತವಾದ ಊಹೆ. 1990ರಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಹಿಬ್ಸರ ನಕಲಿ ಆರ್ಜಿನೀನಿನಿಂದ ಕುಸಿದ ಒತ್ತಡವು ಮೇಲೇರುತ್ತದೆಂದು ಕಿಲ್‌ಬರ್ನ್ ಮೊದಲಾದವರು ತೋರಿಸಿದರು. ಮರುವರ್ಷ ಇಬ್ಬರು ರೋಗಿಗಳಲ್ಲಿ ಅದೇ ಫಲ ಕಂಡಿತು. ಅನಂತರ 312 ರೋಗಿಗಳ ಮೇಲೆ ಪರೀಕ್ಷೆಯಾಯಿತು. 72 ಗಂಟೆಯೊಳಗೆ ಒತ್ತಡದ ಕುಸಿತದಿಂದ ಪಾರಾದವರು ಔಷಧ ಪಡೆದವರಲ್ಲಿ ಶೇಕಡ 40, ಪಡೆಯದವರಲ್ಲಿ ಶೇಕಡ 24. ಇಷ್ಟು ಸಿಕ್ಕಿದ ಮೇಲೆ ದೊಡ್ಡ ಪರೀಕ್ಷೆಗೆ ಕೈಹಾಕದೆ ಇರುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಅದರ ಫಲವು 2004ರಲ್ಲಿ ಅಚ್ಚಾಯಿತು. 797 ರೋಗಿಗಳನ್ನು ಸೇರಿಸಿಕೊಂಡ ಮೇಲೆ ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. 28 ದಿನಗಳೊಳಗೆ, ಔಷಧ ಪಡೆದ 439 ಮಂದಿಯಲ್ಲಿ 259 ಮಂದಿ ಸತ್ತರು. ಔಷಧವಿಲ್ಲದ ದ್ರವವನ್ನು ಪಡೆದ 358 ಮಂದಿಯಲ್ಲಿ 174 ಮಂದಿ. ಶೇಕಡವಾರು ಹೇಳಬೇಕಾದರೆ 59ಕ್ಕೆ 49. ಒತ್ತಡವೇನೋ ಏರಿತು, ರೋಗಿಗಳು ಉಳಿಯಲಿಲ್ಲ. ಹೆಚ್ಚಿದ ಸಾವುಗಳು ಬಹುಮಟ್ಟಿಗೆ ಗುಂಡಿಗೆ ಮತ್ತು ರಕ್ತಪರಿಚಲನೆಯ ಸೋಲಿನಿಂದ ಆದುವು. ಈ ನಕಲಿಯು ಮೂರೂ ಕಿಣ್ವಗಳನ್ನು ಒಂದೇ ಏಟಿಗೆ ತಡೆಯುತ್ತದೆ. ರಕ್ತನಾಳದ ಸೌಮ್ಯ ಕಿಣ್ವವೂ ನಿಂತುಹೋದದ್ದೇ ಅನರ್ಥಕ್ಕೆ ಕಾರಣವೆಂದು ಅನೇಕರ ಅಭಿಪ್ರಾಯ. ಅದು ಸರಿಯಾದ ಅಭಿಪ್ರಾಯವೆಂದೇ ನಾನೂ ತಿಳಿದಿದ್ದೇನೆ. ಆದರೆ ಅದರಿಂದ ಕಥೆ ಮುಗಿಯುವುದಿಲ್ಲ. ಮೂರನೆಯ ಕಿಣ್ವವೊಂದೇ ಇಲ್ಲದ ಇಲಿಗಳನ್ನು 1995ರಲ್ಲಿ ಮೂರು ತಂಡಗಳು ಪ್ರತ್ಯೇಕವಾಗಿ ನಿರ್ಮಿಸಿದ್ದುವು. ನಂಜನ್ನು ಚುಚ್ಚಿದಾಗ ಒಂದು ತಂಡದ ಇಲಿಗಳು ಹೆಚ್ಚು ತಡೆದುಕೊಂಡುವು; ಇನ್ನೊಂದರವಕ್ಕೆ ರಕ್ಷಣೆ ದೊರೆಯಲಿಲ್ಲ; ಮತ್ತೊಂದರವು ಒಂದು ಬಗೆಯ ಪ್ರಯೋಗದಲ್ಲಿ ಬದುಕಿ, ಇನ್ನೊಂದು ಬಗೆಯಲ್ಲಿ ಸಾಮಾನ್ಯ ಇಲಿಗಳಂತೆಯೇ ಸತ್ತುವು. ಕುರುಡು ವಿಷವೆಂಬ ಚಿತ್ರವು ಪೂರ್ತಿ ನಿಜವಾಗಿದ್ದರೆ ಇಷ್ಟು ಗೊಂದಲಕ್ಕೆ ಎಡೆಯಿರಬಾರದಾಗಿದ್ದಿತು. ಈ ಗೊಂದಲವನ್ನು ಕಂಡು, ವಿಷವನ್ನು ಸುರಿಸುವ ಕೋಶದೊಳಗೇ ಅದು ಏನು ಮಾಡುತ್ತಿದೆಯೆಂದು ಕೇಳಿದವರು ಆಗ ಕೆಲವರೇ.

ಇದೇ ನಾನು ಹೇಳಹೊರಟ ಎರಡನೆಯ ಮರೆವು. ಕೇಳಬೇಕಾದ ಆ ಪ್ರಶ್ನೆಗೆ ಉತ್ತರದ ಮೊದಲ ಭಾಗವು 1988ರಲ್ಲಿಯೇ ಅಚ್ಚಾಗಿದ್ದಿತು. ದ್ರಾಪಿಯೆ ಮತ್ತು ಹಿಬ್ಸರು, ಅರ್ಬುದಕೋಶಗಳಲ್ಲಿ ಕಂಡದ್ದನ್ನೇ ಮಹಾಭಕ್ಷಕಗಳಲ್ಲಿಯೂ ಹುಡುಕಿದರು. ಆರ್ಜಿನೀನು ದೊರೆತು ಉಗ್ರಗೊಂಡ ಮಹಾಭಕ್ಷಕದ ಒಳಗಡೆಯೂ ಅಕೋನಿಟೇಸು ನಿಂತುಹೋಗಿದ್ದಿತು. ಮೈಟೋಕಾಂಡ್ರಿಯದ ಇತರ ಕಬ್ಬಿಣ-ಗಂಧಕದ ಕಿಣ್ವಗಳೂ ಕುಂದಿದ್ದುವು. ಎಂದರೆ ಕತ್ತಿ ಬೀಸಿದವನಿಗೂ ಅದೇ ಗಾಯ; ಆದರೆ ಅವನು ಬಿದ್ದಿಲ್ಲ, ನಿಂತೇ ಇದ್ದಾನೆ. ಉಗ್ರವಾದ ಮಹಾಭಕ್ಷಕವು ಆಮ್ಲಜನಕವನ್ನು ಕಡಮೆ ಬಳಸಿ ಸಕ್ಕರೆಯನ್ನು ಹೆಚ್ಚಾಗಿ ಹುದುಗಿಸುತ್ತದೆಂದು ಹಾರ್ಡ್ ಎಂಬವರು 1970ರಲ್ಲಿಯೇ ಬರೆದಿದ್ದರು. 1994ರಲ್ಲಿ, ಮೈಟೋಕಾಂಡ್ರಿಯದ ಉಸಿರಾಟದ ಕೊನೆಯ ಕಿಣ್ವವನ್ನು ನೈಟ್ರಿಕ್ ಆಕ್ಸೈಡು ಆಮ್ಲಜನಕದೊಡನೆ ಸ್ಪರ್ಧಿಸಿ ತಡೆಯುತ್ತದೆ, ಅನಿಲವು ಹೋದಮೇಲೆ ಕಿಣ್ವವು ಮತ್ತೆ ಎಚ್ಚರಗೊಳ್ಳುತ್ತದೆ ಎಂಬುದು ಇಂಗ್ಲೆಂಡಿನಲ್ಲಿ ಗೊತ್ತಾಯಿತು. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ, ಈ ಅನಿಲವು ಶತ್ರುವಿಗೆ ಎಸೆಯುವ ವಿಷ ಮಾತ್ರವಲ್ಲ, ಉರಿಯೂತದ ಕೋಶವು ತನ್ನ ಒಲೆಯನ್ನು ತಾನೇ ಬದಲಾಯಿಸಿಕೊಳ್ಳುವ ಸಾಧನವೂ ಹೌದೆಂದು ಆಗಲೇ ಹೊಳೆಯಬಹುದಾಗಿದ್ದಿತು. ಹೊಳೆಯದಿದ್ದುದಕ್ಕೆ ಕಾರಣವನ್ನು ಊಹಿಸಬಲ್ಲೆ. ಆಗಿನ ರೋಗನಿರೋಧಶಾಸ್ತ್ರಕ್ಕೆ ಜೀನುಗಳ ಮೇಲೆ, ಸಂದೇಶವಸ್ತುಗಳ ಮೇಲೆ ಕಣ್ಣಿದ್ದಿತು; ಸಕ್ಕರೆ, ಲ್ಯಾಕ್ಟಿಕ್ ಆಮ್ಲಗಳ ಲೆಕ್ಕವು ಹಳೆಯ ಕಾಲದವರ ಕೆಲಸವೆಂಬ ತಾತ್ಸಾರವಿದ್ದಿತು.

ಆ ತಾತ್ಸಾರ ಹರಿದದ್ದು ಇಪ್ಪತ್ತು ವರ್ಷಗಳಾದ ಮೇಲೆ. 2012ರಲ್ಲಿ ಎವರ್ಟ್ಸ್, ಪಿಯರ್ಸ್ ಇವರ ತಂಡವು ಮಹಾಭಕ್ಷಕಗಳ ಸೋದರಿಯಂತಿರುವ ಡೆಂಡ್ರೈಟಿಕ್ ಕೋಶಗಳನ್ನು ಪರೀಕ್ಷಿಸಿತು. ನಂಜು ಸೋಂಕಿದ ಈ ಕೋಶಗಳು ಉಸಿರಾಟವನ್ನು ಬಿಟ್ಟು ಸಕ್ಕರೆಯ ಹುದುಗಿಗೆ ಇಳಿಯುವುದು ತಾವೇ ಮಾಡಿದ ನೈಟ್ರಿಕ್ ಆಕ್ಸೈಡಿನಿಂದ. ಮೂರನೆಯ ಕಿಣ್ವವಿಲ್ಲದಿದ್ದರೆ ಉಸಿರಾಟವು ಉಳಿದುಕೊಳ್ಳುತ್ತದೆ. 2016ರಲ್ಲಿ ಫಾನ್ ಡೆನ್ ಬೋಸ್ ಮೊದಲಾದವರು ತೋರಿಸಿದಂತೆ, ಒಮ್ಮೆ ಉಗ್ರವಾದ ಮಹಾಭಕ್ಷಕವು ಗಾಯ ಮಾಯಿಸುವ ಸೌಮ್ಯರೂಪಕ್ಕೆ ಸುಲಭವಾಗಿ ಮರಳಲಾರದಿರುವುದಕ್ಕೂ ಈ ಅನಿಲದಿಂದ ಕೆಟ್ಟ ಮೈಟೋಕಾಂಡ್ರಿಯಗಳೇ ಕಾರಣ. ಕಿಣ್ವವನ್ನು ತಡೆದರೆ ಮರಳುವಿಕೆ ಸುಲಭವಾಗುತ್ತದೆ. ಉರಿಯೂತವು ಏಕೆ ಬೇಗ ಆರುವುದಿಲ್ಲ ಎಂಬ ಪ್ರಶ್ನೆಗೆ ಇದು ಉತ್ತರದ ಒಂದು ತುಣುಕು.

ಇಷ್ಟೇ ಆಗಿದ್ದರೆ ಅನಿಲವು ಉರಿಗೆ ತುಪ್ಪವೆಂದು ಹೇಳಿ ಮುಗಿಸಬಹುದಿತ್ತು. ಆದರೆ ಉರಿಯನ್ನು ತಗ್ಗಿಸುವುದರಲ್ಲಿಯೂ ಅದರ ಕೈಯಿದೆ. 2013ರಲ್ಲಿ ಮಿಶ್ರಾ, ಸ್ಯಾಸೆಟಿ ಇವರ ತಂಡವು ಕ್ಷಯ ತಗುಲಿದ ಇಲಿಗಳಲ್ಲಿ ಕಂಡುದೇನೆಂದರೆ, ಈ ಅನಿಲವು ಉರಿಯೂತದ ಒಂದು ಪ್ರಬಲ ಸಂದೇಶವಸ್ತುವಾದ ಇಂಟರ್‌ಲ್ಯೂಕಿನ್-1 ಬೀಟಾ ಹೊರಬೀಳದಂತೆ, ಅದನ್ನು ಪಕ್ವಗೊಳಿಸುವ ಯಂತ್ರದ ಜೋಡಣೆಯನ್ನೇ ತಡೆಯುತ್ತದೆ. 2017ರಲ್ಲಿ ಅದೇ ತಂಡವು ಮುಂದುವರಿದು, ಅನಿಲವಿಲ್ಲದ ಇಲಿಯ ಶ್ವಾಸಕೋಶಕ್ಕೆ ಬಿಳಿಯ ರಕ್ತಕಣಗಳಲ್ಲಿ ಒಂದು ಜಾತಿಯವು ಹಿಂಡುಹಿಂಡಾಗಿ ನುಗ್ಗಿ ಅಂಗಾಂಶವನ್ನು ಹಾಳುಮಾಡುತ್ತವೆ, ಆ ಹಾಳಿನಲ್ಲಿಯೇ ಕ್ಷಯಾಣುಗಳು ಕೊಬ್ಬುತ್ತವೆ ಎಂದು ತೋರಿಸಿತು. 1997ರ ಇಲಿಗಳು ಸತ್ತದ್ದು ಕ್ಷಯಾಣುವನ್ನು ಕೊಲ್ಲುವ ವಿಷವಿಲ್ಲದೆ ಎಂದು ಇಪ್ಪತ್ತು ವರ್ಷ ನಂಬಿದ್ದೆವು. ಉರಿಯನ್ನು ಹಿಡಿಯುವ ಕೈಯಿಲ್ಲದೆಯೂ ಅವು ಸತ್ತಿರಬೇಕು. ಹೀಗೆ ನೋಡಿದಾಗ 1995ರ ಮೂರು ತಂಡಗಳ ಗೊಂದಲವು ಅಷ್ಟಾಗಿ ವಿಚಿತ್ರವೆನಿಸುವುದಿಲ್ಲ.

ಕೊನೆಗೆ 2020ರಲ್ಲಿ ಪಾಲ್ಮಿಯೇರಿ, ಮೆಕ್‌ವಿಕರ್ ಇವರ ತಂಡವು ಉಗ್ರಗೊಂಡ ಮಹಾಭಕ್ಷಕದ ಸಿಟ್ರಿಕ್ ಆಮ್ಲದ ಚಕ್ರವು ಎಲ್ಲಿ ತುಂಡಾಗುತ್ತದೆ, ಯಾವುದರಿಂದ ಎಂದು ಒಂದೊಂದು ವಸ್ತುವನ್ನೂ ಅಳೆದು ಪ್ರಕಟಿಸಿತು. ತುಂಡುಮಾಡುವುದು ನೈಟ್ರಿಕ್ ಆಕ್ಸೈಡು. ತುಂಡಾಗುವ ಸ್ಥಳಗಳಲ್ಲಿ ಮುಖ್ಯವಾದದ್ದು ಅಕೋನಿಟೇಸು. 1986ರಲ್ಲಿ ಶತ್ರುಕೋಶದಲ್ಲಿಯೂ 1988ರಲ್ಲಿ ಸ್ವಂತಕೋಶದಲ್ಲಿಯೂ ಬೆರಳಿಟ್ಟು ತೋರಿಸಿದ್ದ ಅದೇ ಕಿಣ್ವ. ಹೊಸ ತಂಡದ ಉಪಕರಣಗಳು ಹಳಬರು ಕನಸಿನಲ್ಲಿಯೂ ಕಾಣದಂತಹವು, ಅವರ ಫಲವೂ ಹೆಚ್ಚು ವಿಶಾಲ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ನಡುವಣ ಮೂವತ್ತು ವರ್ಷಗಳಲ್ಲಿಯೇ ನಂಜೇರಿದ ರೋಗಿಗಳ ಆ ಪರೀಕ್ಷೆಯೂ ನಡೆದುಹೋಯಿತೆಂಬುದನ್ನು ಚರಿತ್ರೆಯಿಂದ ಅಳಿಸುವಂತಿಲ್ಲ. 1988ರ ಪ್ರಬಂಧವನ್ನು ಓದಿ ಮನನ ಮಾಡಿದ್ದರೆ ಪರೀಕ್ಷೆಯು ನಡೆಯುತ್ತಲೇ ಇರಲಿಲ್ಲವೆಂದು ನಾನು ಹೇಳಲಾರೆ. ನಾಯಿಗಳ ರಕ್ತದೊತ್ತಡವು ಕಣ್ಣೆದುರಿಗೆ ಏರುತ್ತಿರುವಾಗ ಮೈಟೋಕಾಂಡ್ರಿಯಗಳ ಮಾತನ್ನು ಕೇಳುವ ವ್ಯವಧಾನ ಯಾರಿಗಿರುತ್ತದೆ? ಆದರೆ ಆ ಅನಿಲವನ್ನು ಸಾರಾಸಗಟಾಗಿ ಅಡಗಿಸಿದರೆ ಉರಿಯೂತದ ಕೋಶಗಳಲ್ಲಿ ಏನಾಗಬಹುದೆಂಬ ವಿಚಾರವಾದರೂ ಮುಂಚಿತವಾಗಿ ನಡೆಯುತ್ತಿದ್ದಿತು.

ಈ ಎಲ್ಲದಕ್ಕೂ ಒಂದು ಆಕ್ಷೇಪಣೆಯುಂಟು. ಅದನ್ನು ಹೇಳದೆ ಬಿಟ್ಟರೆ ವಂಚನೆಯಾದೀತು. ಮೇಲಣ ಕೋಶಪ್ರಯೋಗಗಳಲ್ಲಿ ಬಹುಭಾಗ ಇಲಿಗಳದು. ಮನುಷ್ಯರ ರಕ್ತದಿಂದ ಬೆಳೆಸಿದ ಮಹಾಭಕ್ಷಕಗಳು ಗಾಜಿನ ತಟ್ಟೆಯಲ್ಲಿ ನಂಜು ಕೊಟ್ಟರೂ ಈ ಅನಿಲವನ್ನು ಅತ್ಯಲ್ಪವಾಗಿಯೇ ಮಾಡುತ್ತವೆ. ಇದರಿಂದ, ಮನುಷ್ಯನಲ್ಲಿ ಇದರ ಮಹತ್ವವೇ ಇಲ್ಲವೆಂದು ವಾದಿಸಿದವರಿದ್ದರು. 1996ರಲ್ಲಿ ನಿಕಲ್ಸನ್ ಮೊದಲಾದವರು ಕ್ಷಯರೋಗಿಗಳ ಶ್ವಾಸಕೋಶದಿಂದಲೇ ತೊಳೆದು ತೆಗೆದ ಮಹಾಭಕ್ಷಕಗಳಲ್ಲಿ ಮೂರನೆಯ ಕಿಣ್ವವನ್ನು ಕಂಡರು. ಕಿಣ್ವವು ಇದೆಯೆಂದಾಯಿತು, ಅದಿಲ್ಲದಿದ್ದರೆ ಮನುಷ್ಯನಿಗೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ದೊರೆಯಲು 2020ರವರೆಗೆ ಕಾಯಬೇಕಾಯಿತು. ಆ ವರ್ಷ ಪ್ರಕಟವಾದ ವರದಿಯೊಂದರಲ್ಲಿ, ಈ ಕಿಣ್ವದ ಜೀನಿನ ಎರಡು ಪ್ರತಿಗಳೂ ಹುಟ್ಟಿನಿಂದಲೇ ಕೆಟ್ಟಿದ್ದ ಇರಾನ್ ದೇಶದ ಗೃಹಸ್ಥರೊಬ್ಬರ ವೃತ್ತಾಂತವಿದೆ. ಐವತ್ತೊಂದನೆಯ ವಯಸ್ಸಿನವರೆಗೆ ಅವರು ಆರೋಗ್ಯವಾಗಿಯೇ ಇದ್ದರು. ಆಗ, ಹೆಚ್ಚಿನವರಿಗೆ ಬಂದುಹೋದದ್ದೇ ತಿಳಿಯದಂತಿರುವ ಸೈಟೊಮೆಗಾಲೊ ಎಂಬ ವೈರಾಣು ಅವರಿಗೆ ತಗುಲಿತು. ಎರಡು ವರ್ಷಕ್ಕೂ ಮಿಕ್ಕಿ ನರಳಿ, ಅದರಿಂದಲೇ ತೀರಿಕೊಂಡರು.